ಎಳೆ ನೋಡಿ ಏಟು

(ಚಿಂಚೋಳಿ ಕಡೆಗೆ ಶಿಬಿರಕ್ಕೆ ಹೊರಟಿದ್ದ ಕಲಬುರಗಿಯ ಕಾಲೇಜು ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಅವರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

"ಮನ್ಯಾಗ ಕೊಡ್ಲಿ ಅದ ಅನ್ನೋರು ಕೈ ಎತ್ರಿ" ಅಂದೆ. ಅರ್ಧಕ್ಕಿಂತ ಹೆಚ್ಚು ಜನ ಎತ್ತಿದಿರಿ. "ಅದನ್ನ ಕಡೀಕ ಮಸದದ್ದು ಯಾವಾಗ?" ಅಂದಾಗ ಎತ್ತಿದ ಕೈಗಳೆಲ್ಲ ಇಳಿದವು. ಹಿಂದಿನ ಸಾಲಿನ ಒಬ್ಬ ಹುಡುಗ ಮಾತ್ರ "ಖಂಡೆ ಪೂಜಿಗಿ ತೊಳದೀವ್ರಿ ಸರ್" ಅಂದ. ಎಲ್ಲರೂ ನಕ್ಕಿರಿ, ನಾನೂ ನಕ್ಕೆ. ಆದರೆ ಅವನು ಹೇಳಿದ್ದು ನಮ್ಮೆಲ್ಲರ ಮನೆಯ ಕಥೆ. ಮಹಾನವಮಿಗೆ ಕೊಡಲಿ ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವು ಇಟ್ಟು ಕೈಮುಗಿಯುತ್ತೇವೆ. ಮರುದಿನ ಅದೇ ಮೊಂಡ ಬಾಯಿಂದ ಕಟಗಿ ಜಜ್ಜುತ್ತೇವೆ. ಅದನ್ನು ಕಡಿಯುವುದು ಅನ್ನಲಾಗದು.

ನಾನು ಬಡಿಗನಲ್ಲ. ಗಣಿತ ಕಲಿಸಿ ನಿವೃತ್ತನಾದವನು. ನಮ್ಮ ಮುತ್ಯಾ ಬಡಿಗತನ ಮಾಡುತ್ತಿದ್ದರು. ಬಂಡಿ ಗಾಲಿ, ಕುಂಟೆ, ಕೂರಿಗೆ, ಬಾಗಿಲ ಚೌಕಟ್ಟು ಎಲ್ಲ ಅವರ ಕೈಯಲ್ಲೇ ಆಗುತ್ತಿತ್ತು. ನನ್ನ ಬಾಲ್ಯದ ರಜೆಗಳೆಲ್ಲ ಅವರ ಸಿಬಿರೆಯ ರಾಶಿಯಲ್ಲಿ ಕಳೆದವು. ಒಂದು ಕೊರಡು ಬಂದರೆ ಮುತ್ಯಾ ಅದನ್ನು ಹೊರಳಿಸಿ, ತಲೆಕೆಳಗು ಮಾಡಿ, ಉಗುರಿನಿಂದ ಕೆರೆದು, ಒಂದು ಬೀಡಿ ಮುಗಿಯುವ ತನಕ ಬರೀ ನೋಡುತ್ತ ಕೂಡುತ್ತಿದ್ದರು. ಆಮೇಲೆ ಎರಡೇ ಏಟು, ಕೊರಡು ಎರಡು ಹೋಳು. ನಾನು ಹತ್ತು ಏಟು ಹಾಕಿ ಬೆವರು ಒರೆಸಿಕೊಂಡರೆ "ತಮ್ಮಾ, ಅದು ಎಲ್ಲಿ ಒಡೀತೀನಿ ಅಂತ ತಾನೇ ಹೇಳ್ಲಾಕತ್ತದ. ನೀ ಕೇಳ್ಲಾಕ ಒಲ್ಲಿ" ಅನ್ನುತ್ತಿದ್ದರು. ಆ ನೋಡುವ ಕೆಲಸದಲ್ಲಿ ಏನಿತ್ತು ಅನ್ನುವುದನ್ನು ಇವತ್ತು ಹೇಳುತ್ತೇನೆ.

ನೀವು ಕೂತಿರುವ ಫರಸಿ ನೋಡಿ. ಶಹಾಬಾದ ಕಲ್ಲು. ಅದನ್ನು ಖಣಿಯಿಂದ ಎಬ್ಬಿಸುವವರು ಸುತ್ತಿಗೆಯಿಂದ ಮೇಲೆ ಮೇಲೆ ಬಡಿಯುವುದಿಲ್ಲ. ಪದರಿನ ಸಂದಿ ಹುಡುಕಿ, ಅಲ್ಲಿ ಚಾಣ ಇಟ್ಟು, ಸದ್ದು ಕೇಳುತ್ತ ಮೆಲ್ಲಗೆ ತಟ್ಟುತ್ತಾರೆ. ಕಲ್ಲು ತಾನಾಗಿ ಹಪ್ಪಳದಂತೆ ಏಳುತ್ತದೆ. ಮರದಲ್ಲಿ ಪದರಿನ ಬದಲು ಎಳೆ. ಕಣಕಿ ಸೂಡು, ಅಂದರೆ ಜೋಳದ ದಂಟಿನ ಕಟ್ಟು, ನೆನಪು ಮಾಡಿಕೊಳ್ಳಿ. ಸೂಡಿನ ನಡುವೆ ಕೈ ತೂರಿಸಿ ಎರಡು ಮಾಡುವುದು ಮಕ್ಕಳಾಟ, ಅದೇ ಸೂಡನ್ನು ಅಡ್ಡಕ್ಕೆ ಒಂದೇ ಏಟಿಗೆ ತುಂಡು ಮಾಡಲು ಗಟ್ಟಿ ಆಳೇ ಬೇಕು. ಮರವೂ ಉದ್ದಕ್ಕೆ ನಿಂತ ಸಣ್ಣ ಸಣ್ಣ ಕೊಳವೆಗಳ ಸೂಡು. ಉದ್ದಕ್ಕೆ ಸೀಳುವುದಕ್ಕೆ ಬೆಣೆಯಂಥ ದಪ್ಪ ಬಾಯಿ ಸಾಕು. ಅಡ್ಡಕ್ಕೆ ತುಂಡರಿಸಲು ಗರಗಸದ ಹಲ್ಲು ಬೇಕು, ಇಲ್ಲವೇ ಕೊಡಲಿಯನ್ನು ಓರೆಯಾಗಿ ಹಾಕಬೇಕು.

ಓರೆ ಏಟು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತೇ ಇದೆ. ತೊಗರಿ ಕೊಯ್ದವರು ಯಾರೂ ಕುಡುಗೋಲನ್ನು ಗಿಡಕ್ಕೆ ನೇರ ಅಡ್ಡ ಹಾಕುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಎಳೆಯುತ್ತಾರೆ. ಅಲಗು ಎಳೆಗಳ ನಡುವೆ ಜಾರಿಕೊಂಡು ಹೋಗುತ್ತದೆ. ಆಮೇಲೆ ಅದೇ ಓರೆ ಕೂಳೆ ಚಪ್ಪಲಿ ತೂರಿ ಅಂಗಾಲಿಗೆ ನೆಡುತ್ತದೆ, ಅದು ಬೇರೆ ಮಾತು. ದಪ್ಪ ದಿಮ್ಮಿಗೂ ಇದೇ ಲೆಕ್ಕ. ಸುಮಾರು 45 ಡಿಗ್ರಿ ಓರೆಯಲ್ಲಿ ಎಡದಿಂದ ಒಂದು, ಬಲದಿಂದ ಒಂದು ಏಟು ಹಾಕುತ್ತ ಹೋದರೆ ಚಕ್ಕೆ ಹಾರುತ್ತದೆ, ಕಚ್ಚು ಅಗಲವಾಗುತ್ತದೆ. ಕಚ್ಚಿನ ಬಾಯಿ ಮೊದಲೇ ದಿಮ್ಮಿಯ ದಪ್ಪದಷ್ಟು ಅಗಲ ಇರಲಿ. ಚಿಕ್ಕದಾಗಿ ಶುರು ಮಾಡಿದರೆ ಅರ್ಧ ದಾರಿಯಲ್ಲಿ ಕೊಡಲಿ ಸಿಕ್ಕಿಕೊಂಡು ಕೂಡುತ್ತದೆ.

ಈಗ ಮೊಂಡ ಬಾಯಿಯ ವಿಷಯ. ಮೊಂಡ ಕೊಡಲಿಯೇ ಸುರಕ್ಷಿತ, ಹರಿತವಾದದ್ದು ಅಪಾಯ ಎಂದು ಅವ್ವಂದಿರು ನಂಬುತ್ತಾರೆ. ನಿಜ ತಿರುಗುಮುರುಗು. ಹರಿತ ಬಾಯಿ ಮರವನ್ನು ಕಚ್ಚುತ್ತದೆ, ಮೊಂಡ ಬಾಯಿ ಜಾರುತ್ತದೆ. ನನ್ನ ಎಡ ಮೊಣಕಾಲ ಕೆಳಗೆ ಮೂರು ಇಂಚು ಉದ್ದದ ಗುರುತಿದೆ. ಹದಿನಾಲ್ಕು ವರ್ಷದವನಿದ್ದಾಗ ಹಸಿ ಜಾಲಿ ಟೊಂಗೆಗೆ ಮೊಂಡ ಕೊಡಲಿ ಹಾಕಿದೆ. ಅದು ತೊಗಟೆಯ ಮೇಲೆ ಜಾರಿ ನನ್ನ ಕಾಲಿಗೇ ಬಂತು. ಕಾಲು ಅಲ್ಲಿ ಇಟ್ಟಿದ್ದೇ ತಪ್ಪು, ಅದಕ್ಕೆ ಆಮೇಲೆ ಬರುತ್ತೇನೆ. ಆವತ್ತು ಮುತ್ಯಾ ಬೈಯಲಿಲ್ಲ. ಧೋತರದ ಚುಂಗು ಹರಿದು ಗಾಯದ ಮೇಲೆ ಒತ್ತಿ ಹಿಡಿದರು. ನಾನು ನಡುನಡುವೆ ತೆಗೆದು ನೋಡಲು ಹೋದರೆ ಕೈಮೇಲೆ ಹೊಡೆದರು. ಅದೇ ಸರಿಯಾದ ಕ್ರಮ. ಶುದ್ಧ ಬಟ್ಟೆ ಇಟ್ಟು ಕನಿಷ್ಠ ಹತ್ತು ನಿಮಿಷ ಎತ್ತಿ ನೋಡದೆ ಒತ್ತಿ ಹಿಡಿಯಬೇಕು, ಹಾಗೇ ದವಾಖಾನೆಗೆ ಹೋಗಬೇಕು.

ಹರಿತ ಇದೆಯೋ ಇಲ್ಲವೋ ಎಂದು ಬೆರಳು ಆಡಿಸಿ ನೋಡಬೇಡಿ. ಬಾಯಿಯನ್ನು ಬಿಸಿಲಿಗೆ ಹಿಡಿಯಿರಿ. ಅಂಚಿನ ಮೇಲೆ ಬೆಳ್ಳಗೆ ಗೆರೆ ಮಿಂಚಿದರೆ ಅಲ್ಲಿ ಬೆಳಕು ಕೂಡುವಷ್ಟು ಜಾಗ ಇದೆ, ಅಂದರೆ ಮೊಂಡ. ಹರಿತ ಅಂಚು ಮಿಂಚುವುದಿಲ್ಲ, ಕಾಣುವುದೇ ಇಲ್ಲ.

ಮಸೆಯುವುದಕ್ಕೆ ಒಂದು ಚಪ್ಪಟೆ ಅರ, ಒಂದು ಸಾಣೆಕಲ್ಲು, ಒಂದು ಲೋಟ ನೀರು ಇದ್ದರೆ ಸಾಕು. ಕೊಡಲಿಯನ್ನು ಅಲ್ಲಾಡದಂತೆ ಹಲಗೆಗೆ ಬಿಗಿಯಿರಿ. ಅರ ಮುಂದಕ್ಕೆ ತಳ್ಳುವಾಗ ಮಾತ್ರ ಲೋಹ ತಿನ್ನುತ್ತದೆ. ಹಿಂದಕ್ಕೆ ತರುವಾಗ ಎತ್ತಿಕೊಳ್ಳಿ, ಇಲ್ಲದಿದ್ದರೆ ಅರದ ಹಲ್ಲೇ ಸವೆಯುತ್ತದೆ. ಒಂದು ಬದಿ ತಿಕ್ಕುತ್ತ ಹೋದರೆ ಇನ್ನೊಂದು ಬದಿಯ ಅಂಚಿನಲ್ಲಿ ಕೂದಲೆಳೆಯಂಥ ತಗಡು ಹೊರಳಿ ನಿಲ್ಲುತ್ತದೆ, ಉಗುರಿಗೆ ತಾಕುತ್ತದೆ. ಅದು ಬಾಯಿಯ ಉದ್ದಕ್ಕೂ ಬಂತೆಂದರೆ ಆ ಬದಿ ಮುಗಿಯಿತು. ಮಗುಚಿ ಹಾಕಿ ಅಷ್ಟೇ ಸಲ ಇನ್ನೊಂದು ಬದಿ. ಕೊನೆಗೆ ನೀರು ಚಿಮುಕಿಸಿದ ಸಾಣೆಯಿಂದ ಎರಡೂ ಬದಿ ನಯ ಮಾಡಿದರೆ ಆ ತಗಡು ಉದುರುತ್ತದೆ.

ಕೋನ ಎಷ್ಟಿರಬೇಕು? ಮರ ಕಡಿಯುವ ಕೊಡಲಿಗೆ 25ರಿಂದ 30 ಡಿಗ್ರಿ ಸರಿ. ಸೀಳುವುದಕ್ಕೆ ಇನ್ನೂ ಸ್ವಲ್ಪ ದಪ್ಪ ಇದ್ದರೂ ನಡೆಯುತ್ತದೆ. ಕೋನಮಾಪಕ ಹುಡುಕಬೇಡಿ. ಒಂದು ಹಾಳೆಯ ಮೂಲೆ 90 ಡಿಗ್ರಿ. ಅದನ್ನು ಮೂರು ಸಮ ಪಾಲು ಬರುವಂತೆ ಮಡಿಸಿದರೆ 30. ಆ ಮಡಿಕೆಯನ್ನು ಕೊಡಲಿಯ ಬಾಯಿಯ ಪಕ್ಕ ಇಟ್ಟು ನೋಡಿ. ನಲವತ್ತು ವರ್ಷ ಗಣಿತ ಕಲಿಸಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ?

ಚಕ್ರ ತಿರುಗಿಸಿ ಮಸೆಯುವವರ ಹತ್ತಿರ, ಅದರಲ್ಲೂ ಕರೆಂಟಿನ ಚಕ್ರದ ಹತ್ತಿರ, ಕೊಡಲಿ ಕೊಟ್ಟರೆ ನೀವು ಪಕ್ಕದಲ್ಲೇ ನಿಂತಿರಿ. ಅಂಚು ನೀಲಿಗಟ್ಟಿದರೆ ಅಲ್ಲಿ ಬಿಸಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಎಂದರ್ಥ. ಕಮ್ಮಾರ ಕುಲುಮೆಯಲ್ಲಿ ಹೊಂಬಣ್ಣ ಬರುವತನಕ ಕಾಯ್ದು, ನೀರು ಕುಡಿಸಿ ತಂದ ಹದ ಅಷ್ಟರಲ್ಲಿ ಹಾಳಾಗಿರುತ್ತದೆ. ಆಮೇಲೆ ಆ ಬಾಯಿ ಸೀಸದಂತೆ ಮಡಚಿಕೊಳ್ಳುತ್ತದೆ. "ನೀರು ಹಾಕ್ಕೋತ ಮಸೀರಿ ಕಾಕಾ" ಎಂದು ಹೇಳಲು ನಾಚಬೇಡಿ.

ಇನ್ನು ಕಾವು, ಅಂದರೆ ಕೊಡಲಿಯ ಮರದ ಹಿಡಿ. ಕೊಡಲಿ ಕಾವು ಕುಲಕ್ಕೆ ಮೃತ್ಯು ಅನ್ನುತ್ತಾರೆ. ನಮ್ಮ ಬಿಸಿಲ ಸೀಮೆಯಲ್ಲಿ ಸಡಿಲ ಕಾವು ಮನುಷ್ಯ ಕುಲಕ್ಕೂ ಮೃತ್ಯುವೇ. ಮಳೆಗಾಲದಲ್ಲಿ ಕೂಡಿಸಿದ ಕಾವು ಬಿಗಿಯಾಗಿಯೇ ಇರುತ್ತದೆ. ಏಪ್ರಿಲ್, ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ಮರದ ತೇವ ಆರಿ ಕಾವು ಕುಗ್ಗುತ್ತದೆ, ಕೊಡಲಿಯ ತಲೆ ಅಲ್ಲಾಡತೊಡಗುತ್ತದೆ. ಆಗ ನಾವೆಲ್ಲ ಏನು ಮಾಡುತ್ತೇವೆ? ರಾತ್ರಿಯೆಲ್ಲ ನೀರಿನ ಬಕೀಟಿನಲ್ಲಿ ನೆನೆಹಾಕುತ್ತೇವೆ. ಬೆಳಿಗ್ಗೆ ಬಿಗಿ, ನಿಜ. ಆದರೆ ಉಬ್ಬಿದ ಮರಕ್ಕೆ ಕಬ್ಬಿಣದ ಕಣ್ಣಿನೊಳಗೆ, ಅಂದರೆ ಕಾವು ಕೂಡುವ ತೂತಿನೊಳಗೆ, ಹಿಗ್ಗಲು ಜಾಗ ಇರುವುದಿಲ್ಲ. ತನ್ನ ಎಳೆಗಳನ್ನೇ ತಾನು ಅಮುಕಿಕೊಳ್ಳುತ್ತದೆ. ಮತ್ತೆ ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲ. ನೆನೆಹಾಕುವುದು ಸಾಲ ತೀರಿಸಲು ಮಾಡುವ ಸಾಲ. ಸರಿಯಾದ ದಾರಿ ಎಂದರೆ ಒಣಗಿದ ಕಾವಿಗೆ, ಒಣಗಿದ ಗಟ್ಟಿ ಮರದ ಹೊಸ ಬೆಣೆ ಬಡಿದು, ಎಣ್ಣೆ ಕುಡಿಸುವುದು.

ಎಣ್ಣೆಯ ವಿಷಯದಲ್ಲಿ ನಾವು ಪುಣ್ಯವಂತರು. ಊಟಕ್ಕೆ ಅಗಸಿ ಹಿಂಡಿ ಹಾಕಿಕೊಳ್ಳುವ ಜನ. ಅದೇ ಅಗಸಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುವ ಜಾತಿಯದು. ಬಣ್ಣ ಬಳಿಯುವವರು ಅದನ್ನು ಬಳಸುವುದು ಇದಕ್ಕೇ. ಕುಸುಬಿ ಎಣ್ಣೆಯೂ ಒಣಗುತ್ತದೆ, ಸ್ವಲ್ಪ ನಿಧಾನ. ಶೇಂಗಾ ಎಣ್ಣೆ ಒಣಗುವುದಿಲ್ಲ. ಕಾವು ಜಿಡ್ಡಾಗಿ ಕೈಯಿಂದ ಜಾರುತ್ತದೆ, ಅದನ್ನು ಮಿರ್ಚಿ ಭಜಿಗೆ ಬಿಡಿ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಕಾವಿಗೆ ನಮ್ಮ ಕಡೆ ಕರಿಜಾಲಿ ಚೆನ್ನಾಗಿ ನಡೆಯುತ್ತದೆ. ಬಂಡಿ ಗಾಲಿಗೂ ಮುತ್ಯಾ ಅದನ್ನೇ ಆರಿಸುತ್ತಿದ್ದರು. ದಿಂಡಿಗ ಸಿಕ್ಕರೆ ಇನ್ನೂ ಒಳ್ಳೆಯದು. ಇಂಗ್ಲಿಷಿನವರು ಆ ಮರವನ್ನು ಆಕ್ಸಲ್‌ವುಡ್, ಅಂದರೆ ಅಚ್ಚಿನ ಮರ ಅಂತಲೇ ಕರೆದರು. ಯಾವುದೇ ಇರಲಿ, ಗರಗಸದಿಂದ ಕೊಯ್ದದ್ದಕ್ಕಿಂತ ಸೀಳಿ ತೆಗೆದ ಕಾವು ಮೇಲು. ಗರಗಸ ನೇರ ಹೋಗುತ್ತದೆ, ಎಳೆ ಡೊಂಕಾಗಿದ್ದರೆ ಅದನ್ನು ಕಡಿದುಕೊಂಡೇ ಹೋಗುತ್ತದೆ. ಸೀಳು ಎಳೆಯನ್ನು ಹಿಡಿದು ಹೋಗುತ್ತದೆ. ತುದಿಯಿಂದ ತುದಿಗೆ ಎಳೆ ಮುರಿಯದೆ ಹರಿದಿರುವ ಕಾವು ಏಟಿಗೆ ಬಾಗುತ್ತದೆ, ಮುರಿಯುವುದಿಲ್ಲ. ಅಂಗಡಿಯಲ್ಲಿ ಕಾವು ಕೊಳ್ಳುವಾಗ ಬುಡದ ತುದಿಯ ಗೆರೆಗಳನ್ನು ನೋಡಿ. ಅವು ಕೊಡಲಿ ಬಾಯಿಯ ದಿಕ್ಕಿನಲ್ಲೇ ಓಡುತ್ತಿರಬೇಕು, ಅಡ್ಡ ಅಲ್ಲ.

ಈಗ ಕೊರಡಿನ ಮುಂದೆ ಕೂಡೋಣ. ಒಣಗಿದ ಕೊರಡಿನ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಬಿರುಕು ಓಡಿರುತ್ತವೆ. ಮರ ಒಣಗುವಾಗ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವುದು, ನಡುವಿನಿಂದ ಹೊರಗಿನ ದಿಕ್ಕಿನಲ್ಲಿ ಕುಗ್ಗುವುದಕ್ಕಿಂತ ಸುಮಾರು ಎರಡರಷ್ಟು. ಆ ಜಗ್ಗಾಟಕ್ಕೆ ಎಲ್ಲಿ ಸೋತಿತೋ ಅಲ್ಲಿ ಬಿರುಕು. ಮುತ್ಯಾ ಹೇಳಿದ "ತಾನೇ ಹೇಳ್ಲಾಕತ್ತದ" ಅಂದರೆ ಇದೇ. ಏಟು ಆ ಗೆರೆಯ ಮೇಲೇ ಬೀಳಲಿ, ನಡುವಿಗಲ್ಲ, ನಿಮ್ಮ ಕಡೆಯ ಅಂಚಿನ ಹತ್ತಿರ. ಮೊದಲ ಏಟಿಗೆ ಒಡೆಯದಿದ್ದರೆ ಬೇರೆ ಜಾಗ ಹುಡುಕಬೇಡಿ, ಅದೇ ಗೆರೆಯಲ್ಲಿ ಮುಂದುವರಿಯಿರಿ.

ಗಂಟು ಎಂದರೆ ಕಾಂಡದೊಳಗೆ ಗೂಟ ಹೊಡೆದಂತೆ ಕೂತ ಟೊಂಗೆಯ ಬುಡ. ಎಳೆಗಳೆಲ್ಲ ಅದನ್ನು ಬಳಸಿ ಹೋಗಿರುತ್ತವೆ. ಗಂಟಿರುವ ತುದಿ ಕೆಳಗಿರಲಿ, ಚೊಕ್ಕ ತುದಿ ಮೇಲಿರಲಿ. ಬಿರುಕು ವೇಗ ಹಿಡಿದು ಬಂದು ಗಂಟನ್ನು ದಾಟುವ ಸಂಭವ ಹೆಚ್ಚು. ದಾಟದಿದ್ದರೆ ಬದಿಗಳಿಂದ ಹೆರೆದು ತೆಗೆಯಿರಿ, ಗಂಟಿನ ತುಂಡನ್ನು ಎಳ್ಳ ಅಮವಾಸ್ಯೆಯ ಒಲೆಗೆ ಇಡಿಯಾಗಿ ಹಾಕಿ. ಅದರ ಜೊತೆ ಹಟ ಹಿಡಿದವರು ಯಾರೂ ಗೆದ್ದಿಲ್ಲ. ಹುಣಸೆಯದು ಇನ್ನೊಂದು ಕಥೆ. ಅದರ ಎಳೆ ಒಂದು ಪದರ ಆ ಕಡೆ, ಒಂದು ಪದರ ಈ ಕಡೆ ತಿರುಚಿ ಹೆಣೆದುಕೊಂಡಿರುತ್ತದೆ. ಮಟನ್ ಅಂಗಡಿಯವರು ಹುಣಸೆ ಕೊರಡನ್ನೇ ಇಟ್ಟುಕೊಳ್ಳುವುದು ಅದಕ್ಕೆ, ವರ್ಷಗಟ್ಟಲೆ ಕತ್ತಿ ಬಿದ್ದರೂ ಸೀಳುವುದಿಲ್ಲ. ನೀವೂ ಹುಣಸೆಯನ್ನು ಒಡೆಯಲು ಹೋಗದೆ, ಅದರ ಮೇಲಿಟ್ಟು ಬೇರೆಯದನ್ನು ಒಡೆಯಿರಿ.

ಗರಗಸದ ಬಗ್ಗೆ ಒಂದೇ ಮುಖ್ಯ ಮಾತು. ಅದು ಸಿಕ್ಕಿಕೊಂಡರೆ ತಪ್ಪು ಗರಗಸದ್ದಲ್ಲ, ಕೊರಡನ್ನು ಇಟ್ಟ ರೀತಿಯದು. ದಿಮ್ಮಿಯ ಎರಡೂ ತುದಿ ಕಲ್ಲಿನ ಮೇಲಿದ್ದು ನಡುವೆ ಕೊಯ್ದರೆ, ಕೊಯ್ದ ಹಾಗೆಲ್ಲ ಅದು ಕೆಳಕ್ಕೆ ಬಾಗುತ್ತದೆ, ಮೇಲಿನ ಸೀಳು ಮುಚ್ಚಿಕೊಂಡು ಅಲಗನ್ನು ಹಿಡಿಯುತ್ತದೆ. ಅಂಥ ಕಡೆ ಮೇಲಿನಿಂದ ಕಾಲು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಕೊಯ್ಯಿರಿ. ತುದಿ ಗಾಳಿಯಲ್ಲಿ ಚಾಚಿದ್ದರೆ ಉಲ್ಟಾ, ಕೆಳಗಿನಿಂದ ಸ್ವಲ್ಪ, ಆಮೇಲೆ ಮೇಲಿನಿಂದ. ಹಾಗೆ ಮಾಡದಿದ್ದರೆ ತುಂಡು ಬೀಳುವಾಗ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಹೋಗುತ್ತದೆ. ಬದುಕಿರುವ ಬೇವಿನ ಟೊಂಗೆ ತೆಗೆಯುವಾಗ ಇದು ಮರಕ್ಕೆ ದೊಡ್ಡ ಗಾಯ. ಹಲ್ಲು ಯಾವ ಕಡೆ ಮುಖ ಮಾಡಿದೆ ಎಂದೂ ನೋಡಿಕೊಳ್ಳಿ. ಮುತ್ಯಾನ ಗರಗಸ ಎಳೆದಾಗ ಕೊಯ್ಯುತ್ತಿತ್ತು, ಈಗ ಅಂಗಡಿಯಲ್ಲಿ ಸಿಗುವ ಬಹಳಷ್ಟು ಕೈಗರಗಸ ತಳ್ಳಿದಾಗ ಕೊಯ್ಯುತ್ತವೆ. ಕೊಯ್ಯದ ಕಡೆಗೆ ಬಲ ಹಾಕಿ ಅಲಗು ಬಾಗಿಸಬೇಡಿ.

ನಿಲ್ಲುವ ಬಗೆ ಬೇಗ ಹೇಳುತ್ತೇನೆ. ಕೊಡಲಿ ಹಿಡಿದು ಕೈ ಚಾಚಿ ಸುತ್ತ ತಿರುಗಿ. ಆ ವರ್ತುಲದೊಳಗೆ ಯಾರೂ ಇರಬಾರದು, ಮೇಲೆ ಟೊಂಗೆ, ಬಟ್ಟೆ ಒಣಹಾಕುವ ಹಗ್ಗ ಯಾವುದೂ ಇರಬಾರದು. ಏಟು ತಪ್ಪಿದರೆ ಕೊಡಲಿ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಉತ್ತರ "ನನ್ನ ಕಾಲಿಗೆ" ಎಂದಾದರೆ ಜಾಗ ಬದಲಿಸಿ. ಗಿಡ್ಡ ಕೈಗೊಡಲಿಯಾದರೆ ಮೊಣಕಾಲೂರಿ ಕೂತು ಹೊಡೆಯಿರಿ, ತಪ್ಪಿದ್ದು ನೆಲಕ್ಕೆ ಹೋಗುತ್ತದೆ. ಬಿದ್ದ ಮರದ ಟೊಂಗೆ ಸವರುವಾಗ ನೀವು ದಿಮ್ಮಿಯ ಈಚೆ, ಟೊಂಗೆ ಆಚೆ.

ಯಾವ ಕಟ್ಟಿಗೆ ಎಂಬುದೂ ಮುಖ್ಯ. ನಿಮ್ಮ ಹೊಲದಲ್ಲೇ ನಿಂತ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಕಡಿಯುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಚಿಂಚೋಳಿ ವನ್ಯಜೀವಿ ಧಾಮದ ಒಳಗಂತೂ ಕೊಡಲಿ ತೆಗೆಯುವ ಮಾತೇ ಇಲ್ಲ, ಬಿದ್ದ ಕಡ್ಡಿಯೂ ಅಲ್ಲಿನದೇ. ನಮ್ಮ ಅಭ್ಯಾಸವೆಲ್ಲ ಧಾಮದ ಹೊರಗೆ, ರೈತರು ಬದುವಿನಲ್ಲಿ ಸವರಿ ಹಾಕಿದ ಜಾಲಿಯ ಮೇಲೆ. ಉರಿಸುವುದಕ್ಕೆ ಒಣಗಿದ್ದು ಬೇಕು, ತೇವ 20 ಪ್ರತಿಶತಕ್ಕಿಂತ ಕಡಿಮೆ. ಅಳೆಯುವ ಯಂತ್ರ ಬೇಡ. ಎರಡು ತುಂಡು ತಾಡಿಸಿ ನೋಡಿ, ಹಸಿಯದು "ದಪ್" ಅನ್ನುತ್ತದೆ, ಒಣಗಿದ್ದು "ಟಣ್" ಅನ್ನುತ್ತದೆ.

ಮರ ಕಡಿಯದೆಯೂ ಕಟ್ಟಿಗೆ ಮಾಡುವ ಕಲೆಯನ್ನು ನಾನು ಕಲಿತದ್ದು ತಾಂಡಾದ ಒಬ್ಬ ಆಯಿಯಿಂದ. ನಾನು ಗರಗಸ ಹಿಡಿದು ಒದ್ದಾಡುತ್ತಿದ್ದೆ. ಆಕೆ ಒಣ ಟೊಂಗೆಯನ್ನು ಒಂದು ಬೇವಿನ ಕವಲಿಗೆ ತೂರಿಸಿ, ಉದ್ದ ತುದಿ ಹಿಡಿದು ಸುತ್ತ ನಡೆದಳು. ಲಟಕ್! ಮತ್ತೆ ತೂರಿಸಿದಳು, ಮತ್ತೆ ಲಟಕ್. ನಾನು ಒಂದು ಕೊಯ್ಯುವಷ್ಟರಲ್ಲಿ ಒಂದು ಹೊರೆ ಆಗಿತ್ತು. ಬೀದರ ಜಿಲ್ಲೆಯ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಕಟ್ಟಿಗೆ ಹೊರೆ ಮಾರುವುದನ್ನೇ ಕಾಯಕ ಮಾಡಿಕೊಂಡ ಮೋಳಿಗೆಯ ಮಾರಯ್ಯನ ಹೆಸರು ಕೇಳಿದಾಗಲೆಲ್ಲ ನನಗೆ ಆ ಆಯಿಯೇ ನೆನಪಾಗುತ್ತಾಳೆ. ಮಾರಯ್ಯ ಮೊದಲು ಕಾಶ್ಮೀರದ ಅರಸನಾಗಿದ್ದ ಎಂದು ಕಥೆ ಇದೆ. ಅರಮನೆಯಿಂದ ಬಂದವನಿಗೆ ಹೊರೆ ಕಟ್ಟಲು ಯಾರು ಕಲಿಸಿದರೋ, ಕಥೆ ಹೇಳುವುದಿಲ್ಲ. ಇಂಥ ಆಯಿಯೇ ಇರಬೇಕು.

ಪ್ರಶ್ನೆಗಳಲ್ಲಿ ಮೊದಲನೆಯದು ಬಳ್ಳಾರಿ ಜಾಲಿಯದು. ಯಾದಗಿರಿ ಕಡೆಯ ಹುಡುಗ. "ಎಷ್ಟು ಕಡದ್ರೂ ಮತ್ತ ಬರ್ತದಲ್ರಿ ಸರ್?" ಬರುತ್ತದೆ. ಅಮೆರಿಕ ಖಂಡದಿಂದ ಬಂದ ಗಿಡ, ನೆಲದ ಮೇಲೆ ಕಡಿದರೆ ಬುಡದಿಂದ ಒಂದಕ್ಕೆ ಹತ್ತು ಚಿಗುರು ಹೊಡೆಯುತ್ತದೆ. ಕಟ್ಟಿಗೆಯೇ ಬೇಕಾದರೆ ಅದು ಲಾಭ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಹೊಲ ಬೇಕಾದರೆ ಮಣ್ಣು ಬಿಡಿಸಿ ಬುಡದ ಗಂಟಿನ ಕೆಳಗೆ ಕಡಿಯಬೇಕು. ಮುಳ್ಳು ಚಪ್ಪಲಿಯನ್ನೂ ತೂರುತ್ತದೆ. ಕವಲುಕೋಲಿನಿಂದ ಟೊಂಗೆ ಒತ್ತಿ ಹಿಡಿದು, ಕುಡುಗೋಲಿನಿಂದ ಮುಳ್ಳಿನ ಸಣ್ಣ ರೆಂಬೆ ಸವರಿದ ಮೇಲೆಯೇ ಕೊಡಲಿ.

ಇನ್ನೊಬ್ಬ ಮೊಬೈಲಿನಲ್ಲಿ ನೋಡಿದ್ದನ್ನು ಕೇಳಿದ. ಚಾಕುವನ್ನು ಕಡ್ಡಿಯ ಮೇಲಿಟ್ಟು ಅದರ ಬೆನ್ನಿಗೆ ಬಡಿಗೆಯಿಂದ ಹೊಡೆದು ಸೀಳುವುದು. ದಪ್ಪ ಬೆನ್ನಿನ, ಹಿಡಿಯ ಕೊನೆಯವರೆಗೂ ಕಬ್ಬಿಣ ಓಡಿದ ಚಾಕುವಾದರೆ ಮಾಡಬಹುದು. ಅಡುಗೆಮನೆಯ ಚಾಕು, ಕುಡುಗೋಲು ಬೇಡ, ಮುರಿದು ಹಾರುತ್ತವೆ. ಸಣ್ಣ ಸೌದೆಗೆ ಇನ್ನೂ ಸುಲಭ ಉಪಾಯ ಇದೆ. ಕೊಡಲಿಯ ಬಾಯಿಯನ್ನು ಕಡ್ಡಿಯ ತುದಿಗೆ ಒತ್ತಿ ಹಿಡಿದು, ಎರಡನ್ನೂ ಜೋಡಿಯಾಗಿ ಎತ್ತಿ ಕೊರಡಿನ ಮೇಲೆ ಕುಟ್ಟಿ. ಗುರಿ ತಪ್ಪುವ ಮಾತೇ ಇಲ್ಲ.

ಕೊನೆಗೆ ಒಬ್ಬ ಹುಡುಗಿ ಎದ್ದಳು. "ಸರ್, ನಮ್ಮ ತೋಳಾಗ ಅಷ್ಟು ಬಲ ಇರಂಗಿಲ್ಲ. ಹಗರ ಕೊಡ್ಲಿ ತಗೊಂಡ್ರ ನಡೀತದ?" ನಡೆಯುತ್ತದೆ. ಏಟಿನ ಶಕ್ತಿ ತೂಕದ ಜೊತೆ ನೇರ ಏರುತ್ತದೆ, ವೇಗದ ಜೊತೆ ವರ್ಗದಲ್ಲಿ ಏರುತ್ತದೆ. ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿ, ವೇಗ ಇಮ್ಮಡಿಯಾದರೆ ನಾಲ್ಮಡಿ. ನೀನು ಜೋರಾಗಿ ಬೀಸಲಾಗದ ಭಾರದ ಕೊಡಲಿಗಿಂತ, ಬೀಸಬಲ್ಲ ಹಗುರದ್ದೇ ನಿನಗೆ ದೊಡ್ಡದು ಅಂದೆ. ಅಂಗಳಕ್ಕೆ ಹೋದೆವು. ಖಂಡೆ ಪೂಜೆಯ ಹುಡುಗ ಮನೆಯಿಂದ ತಂದಿದ್ದ ಕೊಡಲಿಯನ್ನು ಆಕೆಯ ಕೈಗೆ ಕೊಟ್ಟ. ಎದುರಿಗೆ ಬಿರುಕು ಬಿಟ್ಟ ಜಾಲಿ ಕೊರಡು. ಎಲ್ಲರೂ ದೂರ ಸರಿದು ನಿಂತರು. ಆಕೆ ಕೊರಡಿನ ಗೆರೆ ನೋಡಿದಳು, ಕಾಲು ಸರಿಸಿದಳು, ಕೊಡಲಿ ಎತ್ತುವ ಮೊದಲು ತಲೆಯನ್ನು ಹಿಡಿದು ಅಲ್ಲಾಡಿಸಿ ನೋಡಿದಳು. "ಸರ್, ಇದು ಸಡ್ಲ ಆಗ್ಯದ" ಅಂದಳು. ಕೊಡಲಿಯನ್ನು ಬದಿಗಿಟ್ಟು, ಬೆಣೆಗೆ ಒಂದು ಜಾಲಿ ಚಕ್ಕೆ ಹುಡುಕಲು ಆ ಹುಡುಗನನ್ನು ಕಳಿಸಿದೆವು.